ಉಗಿಗೆ ಸದಾ ತೆರೆದ ದಾರಿ: ಪ್ರೌಢಶಾಲಾ ವಿಜ್ಞಾನ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸುತ್ತಿರುವ ಎಲ್ಲ ಶಿಕ್ಷಕ, ಶಿಕ್ಷಕಿಯರಿಗೆ,



ವಿಜ್ಞಾನ ವಸ್ತು ಪ್ರದರ್ಶನ ತಾಲ್ಲೂಕು ಮಟ್ಟದ್ದಾಗಿರಲಿ, ಜಿಲ್ಲಾ ಮಟ್ಟದ್ದಾಗಿರಲಿ, ಅಲ್ಲಿ ಜ್ವಾಲಾಮುಖಿಯ ಮಾದರಿಗೂ ಹನಿ ನೀರಾವರಿಯ ಮಾದರಿಗೂ ನಡುವೆ ಒಂದು ಉಗಿ ಟರ್ಬೈನ್ ಇದ್ದೇ ಇರುತ್ತದೆ. ತಂಪು ಪಾನೀಯದ ಒಂದು ಡಬ್ಬ, ಅದರ ಕೆಳಗೊಂದು ಉರಿ, ಡಬ್ಬದ ನೆತ್ತಿಯಲ್ಲಿ ಗುಂಡುಸೂಜಿಯಿಂದ ಚುಚ್ಚಿದ ತೂತು, ಆ ತೂತಿನಿಂದ ನುಗ್ಗುವ ಉಗಿಗೆ ಎದುರಾಗಿ ತಿರುಗುವ ತಗಡಿನ ಚಕ್ರ, ಹಿಂದೆ ರಟ್ಟಿನ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದ ‘ಶಾಖೋತ್ಪನ್ನ ವಿದ್ಯುತ್ ಸ್ಥಾವರ’ ಎಂಬ ಫಲಕ, ಇಷ್ಟು ಅದರ ಸ್ವರೂಪ. ಈ ಮಾದರಿಯನ್ನು ಅಪಾಯಕಾರಿಯೆಂದು ನಿಷೇಧಿಸಬೇಕೆಂದು ಕೋರುವುದು ಈ ಪತ್ರದ ಉದ್ದೇಶವಲ್ಲ. ಹತ್ತನೇ ತರಗತಿಯ ವಿದ್ಯಾರ್ಥಿಯೊಬ್ಬಳು ತನ್ನ ಕೈಯಿಂದಲೇ ಮಾಡಿ, ಅಳೆದು, ಲೆಕ್ಕ ಹಾಕಿ ಅರ್ಥ ಮಾಡಿಕೊಳ್ಳಬಹುದಾದ ಯಂತ್ರಗಳಲ್ಲಿ ಇದಕ್ಕಿಂತ ಫಲವತ್ತಾದದ್ದು ವಿರಳ. ಆದರೆ ಇಂದು ಅದನ್ನು ಮಾಡುತ್ತಿರುವ ರೀತಿಯಲ್ಲಿ ಅಳತೆಯೂ ಇಲ್ಲ, ಸುರಕ್ಷತೆಯೂ ಇಲ್ಲ. ಈ ಎರಡು ಕೊರತೆಗಳನ್ನೂ ಒಂದೇ ಒಂದು ಗಾಜಿನ ನಳಿಕೆಯಿಂದ ನೀಗಿಸಲು ಸಾಧ್ಯವಿದೆ ಎಂಬುದನ್ನು ತಮ್ಮ ಗಮನಕ್ಕೆ ತರುವುದಕ್ಕಾಗಿ ಈ ಪತ್ರ.

ಮೊದಲು ಯಂತ್ರದ ತತ್ತ್ವವನ್ನು ನೋಡಬಹುದು. ಹರಿಯುವ ದ್ರವದ ಅಥವಾ ಅನಿಲದ ಚಲನ ಶಕ್ತಿಯನ್ನು ಅಲಗುಗಳುಳ್ಳ ಚಕ್ರವೊಂದರ ತಿರುಗಾಟವನ್ನಾಗಿ ಪರಿವರ್ತಿಸುವ ಸಾಧನವೇ ಟರ್ಬೈನ್. ನೀರು ಉಗಿಯಾಗುವಾಗ ವಾತಾವರಣದ ಒತ್ತಡದಲ್ಲಿ ಅದರ ಗಾತ್ರ ಸುಮಾರು 1,600ರಿಂದ 1,700 ಪಟ್ಟು ಹಿಗ್ಗುತ್ತದೆ. ಅಷ್ಟು ದೊಡ್ಡದಾದ ಗಾತ್ರ ಸಣ್ಣ ದಾರಿಯೊಂದರಿಂದಲೇ ಹೊರಬರಬೇಕಾದಾಗ ಒಳಗೆ ಒತ್ತಡ ಏರಿ, ಉಗಿ ವೇಗವಾಗಿ ನುಗ್ಗುತ್ತದೆ. ಹೀಗೆ ನುಗ್ಗಿದ ಧಾರೆ ಬೇರೊಂದು ಚಕ್ರದ ಅಲಗುಗಳಿಗೆ ಬಡಿದು ಅದನ್ನು ತಿರುಗಿಸಿದರೆ ಅದು ಆವೇಗ ಟರ್ಬೈನ್. ಧಾರೆಯನ್ನು ಹೊರಬಿಡುವ ಭಾಗವೇ ಹಿಮ್ಮುಖವಾಗಿ ತಳ್ಳಲ್ಪಟ್ಟು ತಿರುಗಿದರೆ ಅದು ಪ್ರತಿಕ್ರಿಯಾ ಟರ್ಬೈನ್. ಎರಡನೆಯದರ ಅತಿ ಹಳೆಯ ವಿವರಣೆ ಕ್ರಿಸ್ತಶಕ ಮೊದಲ ಶತಮಾನದ ಅಲೆಕ್ಸಾಂಡ್ರಿಯಾದ ಹೀರೋ ಬರೆದ ಗ್ರಂಥದಲ್ಲಿದೆ; ಮೊದಲನೆಯದರ ಪ್ರಸಿದ್ಧ ಚಿತ್ರ ಇಟಲಿಯ ಜೊವಾನ್ನಿ ಬ್ರಾಂಕಾ 1629ರಲ್ಲಿ ಪ್ರಕಟಿಸಿದ ಯಂತ್ರಗಳ ಪುಸ್ತಕದಲ್ಲಿದೆ. ಬ್ರಾಂಕಾನ ಚಿತ್ರದಲ್ಲಿ ಮನುಷ್ಯನ ತಲೆಯಾಕಾರದ ಹಂಡೆಯ ಬಾಯಿಂದ ಹೊರಟ ಉಗಿ ಚಕ್ರವೊಂದನ್ನು ತಿರುಗಿಸಿ, ಹಲ್ಲುಗಾಲಿಗಳ ಮೂಲಕ ಒನಕೆಗಳನ್ನು ಎತ್ತಿ ಕುಟ್ಟುತ್ತದೆ. ಇಂಥ ಧಾರೆಯಲ್ಲಿ ನಿಜಕ್ಕೂ ಎಷ್ಟು ಬಲ ಇರುತ್ತದೆ ಎಂಬುದನ್ನು ಮುಂದಿನ ಲೆಕ್ಕದಲ್ಲಿ ಕಂಡವರಿಗೆ, ಆ ಒನಕೆಗಳು ಚಿತ್ರ ಬಿಟ್ಟು ಹೊರಗೆ ಕುಟ್ಟಿರಲಾರವು ಎನ್ನಿಸಿದರೆ ಆಶ್ಚರ್ಯವಿಲ್ಲ.

ಈಗ ಡಬ್ಬದ ತೂತಿನ ವಿಷಯ. ಈ ಪತ್ರದಲ್ಲಿ ತಮ್ಮ ಹೆಚ್ಚಿನ ಗಮನ ಬೇಡುವ ಭಾಗ ಇದೇ, ಏಕೆಂದರೆ ಇಲ್ಲಿ ವಿದ್ಯಾರ್ಥಿಯ ಸಹಜ ಬುದ್ಧಿ ಭೌತವಿಜ್ಞಾನದ ದೃಷ್ಟಿಯಿಂದ ಸರಿಯಾಗಿದ್ದೂ ಅವನನ್ನು ಅಪಾಯದ ಕಡೆಗೇ ಒಯ್ಯುತ್ತದೆ. ಚಕ್ರ ನಿಧಾನವಾಗಿ ತಿರುಗಿದಾಗ ಅವನು ತೂತನ್ನು ಇನ್ನಷ್ಟು ಸಣ್ಣದು ಮಾಡುತ್ತಾನೆ, ಉರಿಯನ್ನು ಇನ್ನಷ್ಟು ದೊಡ್ಡದು ಮಾಡುತ್ತಾನೆ, ಚಕ್ರ ನಿಜವಾಗಿಯೂ ಜೋರಾಗಿ ತಿರುಗುತ್ತದೆ. ಆದರೆ ಉರಿ ಅಷ್ಟೇ ಇದ್ದು ತೂತಿನ ವ್ಯಾಸ ಅರ್ಧವಾದರೆ ದಾರಿಯ ವಿಸ್ತೀರ್ಣ ಕಾಲು ಭಾಗವಾಗುತ್ತದೆ. ಹುಟ್ಟಿದಷ್ಟೂ ಉಗಿ ಹೊರಹೋಗಲೇಬೇಕಾದ್ದರಿಂದ ಅದರ ವೇಗ ನಾಲ್ಕು ಪಟ್ಟಾಗುತ್ತದೆ. ವೇಗ ನಾಲ್ಕು ಪಟ್ಟಾಗಲು ಒಳಗಿನ ಹೆಚ್ಚುವರಿ ಒತ್ತಡ ಹದಿನಾರು ಪಟ್ಟಾಗಬೇಕಾಗುತ್ತದೆ. ಉರಿಯನ್ನು ಇಮ್ಮಡಿಸಿದರೂ ಹೀಗೆಯೇ, ವೇಗ ಎರಡು ಪಟ್ಟು, ಒತ್ತಡ ನಾಲ್ಕು ಪಟ್ಟು. ಉಗಿಯ ವೇಗ ಅದರಲ್ಲಿ ಶಬ್ದದ ವೇಗವನ್ನು, ಎಂದರೆ ಸೆಕೆಂಡಿಗೆ ಸುಮಾರು 470 ಮೀಟರನ್ನು, ಸಮೀಪಿಸುವ ತನಕ ಈ ನಿಯಮ ಸ್ಥೂಲವಾಗಿ ನಡೆಯುತ್ತದೆ. ಆ ಮಿತಿ ತಲುಪಿದ ಮೇಲೆ ಸಾದಾ ತೂತಿನಲ್ಲಿ ವೇಗ ಏರದೆ, ಉಗಿಯ ಸಾಂದ್ರತೆ ಮತ್ತು ಅದರೊಡನೆ ಡಬ್ಬದೊಳಗಿನ ಒತ್ತಡ ಏರುತ್ತಾ ಹೋಗುತ್ತವೆ.

ಇದನ್ನು ಅಂಕಿಗಳಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. ಒಂದು ಕಿಲೋಗ್ರಾಂ ನೀರನ್ನು ಕುದಿಬಿಂದುವಿನಲ್ಲಿ ಉಗಿಯಾಗಿಸಲು ಬೇಕಾದ ಶಾಖ, ಎಂದರೆ ಅದರ ಗುಪ್ತೋಷ್ಣ, ಸುಮಾರು 2,257 ಕಿಲೋಜೌಲ್. ಅಡುಗೆಮನೆಯ ಗ್ಯಾಸ್ ಒಲೆಯಿಂದ ನೀರಿಗೆ ಒಂದು ಕಿಲೋವ್ಯಾಟ್ ಶಾಖ ಸೇರುತ್ತಿದೆಯೆಂದು ಇಟ್ಟುಕೊಂಡರೆ ಸೆಕೆಂಡಿಗೆ 0.44 ಗ್ರಾಂ ಉಗಿ ಹುಟ್ಟುತ್ತದೆ. ಇಷ್ಟು ಉಗಿ 3 ಮಿ.ಮೀ. ವ್ಯಾಸದ ತೂತಿನಿಂದ ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಹಾಯಾಗಿ ಹೊರಬರುತ್ತದೆ. ಅದೇ ಉಗಿಯನ್ನು 1 ಮಿ.ಮೀ. ತೂತಿನಿಂದ ಹೊರಡಿಸಬೇಕಾದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು ಮೂರು ವಾತಾವರಣಗಳಷ್ಟು ಹೆಚ್ಚಿರಬೇಕು. ಆರೂವರೆ ಸೆಂ.ಮೀ. ವ್ಯಾಸದ ಪಾನೀಯದ ಡಬ್ಬದ ತಳವನ್ನು ಆಗ ಒಳಗಿನಿಂದ ಒತ್ತುವ ಬಲ ಸುಮಾರು ಒಂದು ಕ್ವಿಂಟಲ್ ತೂಕಕ್ಕೆ ಸಮ. ಡಬ್ಬ ಹೊಸದಾಗಿ, ತಣ್ಣಗೆ ಇರುವಾಗ ಅದನ್ನು ತಾಳಿಕೊಂಡೀತು. ಆದರೆ ನೀರು ಬತ್ತಿ ತಳ ಕಾದಾಗ ಅಲ್ಯೂಮಿನಿಯಂ ತನ್ನ ಕರಗುವ ಬಿಂದುವಾದ 660 ಡಿಗ್ರಿ ಸೆಲ್ಸಿಯಸ್‌ಗಿಂತ ಬಹಳ ಮುಂಚೆಯೇ ಮೆತ್ತಗಾಗುತ್ತದೆ, ಡಬ್ಬದ ಒಳಮೈಗೆ ಬಳಿದಿರುವ ತೆಳು ಪ್ಲಾಸ್ಟಿಕ್ ಲೇಪ ಸುಟ್ಟು ಹೊಗೆಯಾಡುತ್ತದೆ, ಆ ಲೇಪದ ಚೂರೊಂದೋ ಪಾನೀಯದ ಸಕ್ಕರೆಯ ಕಿಟ್ಟವೋ ಸೂಜಿತೂತಿಗೆ ಅಡ್ಡ ಬಂದರೆ ಉಗಿಗೆ ಇದ್ದ ಒಂದೇ ದಾರಿಯೂ ಮುಚ್ಚಿಹೋಗುತ್ತದೆ. ಪ್ರದರ್ಶನದ ದಿನ ಆ ಡಬ್ಬದಿಂದ ಎರಡು ಅಡಿ ದೂರದಲ್ಲಿ ಬಗ್ಗಿ ನೋಡುತ್ತಿರುವವರು ಸಾಮಾನ್ಯವಾಗಿ ಕೆಳಗಿನ ತರಗತಿಗಳ ಮಕ್ಕಳು ಎಂಬುದನ್ನು ತಾವೂ ಕಂಡಿದ್ದೀರಿ.

ಭಾರತದ 1923ರ ಬಾಯ್ಲರ್ ಕಾಯ್ದೆ ಮೂಲತಃ 22.75 ಲೀಟರಿಗಿಂತ ಹೆಚ್ಚು ಹಿಡಿಯುವ ಪಾತ್ರೆಗಳನ್ನು ಮಾತ್ರ ಬಾಯ್ಲರ್ ಎಂದು ಪರಿಗಣಿಸಿತ್ತು. ಕಾರ್ಖಾನೆಯ ಹಂಡೆಗಳನ್ನು ಪರೀಕ್ಷಿಸಲು ಬರುವ ಅಧಿಕಾರಿ ಶಾಲೆಯ ಮೇಜಿನ ಮೇಲಿನ ಡಬ್ಬವನ್ನು ಪರೀಕ್ಷಿಸಲು ಬರುವವನಲ್ಲ. ಆ ಜವಾಬ್ದಾರಿ ಬೇರೆ ಯಾರ ಮೇಲೂ ಇಲ್ಲದಿರುವುದರಿಂದ ಅದು ತಮ್ಮ ಮೇಲೆ ಬರುತ್ತದೆ.

ಡಬ್ಬದ ಬದಲು ಕುಕ್ಕರ್ ಬಳಸಿದರೆ ಹೇಗೆ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ, ಏಕೆಂದರೆ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಬಹುಕಾಲ ಇದ್ದ ಶಕ್ತಿಯ ಆಕರಗಳ ಅಧ್ಯಾಯ ಹಾಗೆಯೇ ಸೂಚಿಸಿತ್ತು. ಟೇಬಲ್ ಟೆನಿಸ್ ಚೆಂಡಿನಲ್ಲಿ ಮೂರು ಸೀಳುಗಳನ್ನು ಮಾಡಿ, ತಗಡಿನ ಅರ್ಧವೃತ್ತಾಕಾರದ ರೆಕ್ಕೆಗಳನ್ನು ಅವುಗಳಲ್ಲಿ ಸಿಕ್ಕಿಸಿ, ನಡುವೆ ತಂತಿಯ ಅಚ್ಚನ್ನು ತೂರಿಸಿ, ಅದಕ್ಕೆ ಸೈಕಲ್ ಡೈನಮೋ ಜೋಡಿಸಿ, ನೀರಿನ ಧಾರೆಯನ್ನೋ ಪ್ರೆಷರ್ ಕುಕ್ಕರಿನ ಉಗಿಯನ್ನೋ ರೆಕ್ಕೆಗಳ ಮೇಲೆ ಹಾಯಿಸುವುದು ಆ ಚಟುವಟಿಕೆ. ಚೆಂಡಿನ ಚಕ್ರ ಸೊಗಸಾದ ಕಲ್ಪನೆಯೇ. ಆದರೆ ಕುಕ್ಕರಿನ ತೂಕವನ್ನು ತೆಗೆದು ಆ ಜಾಗಕ್ಕೆ ರಬ್ಬರ್ ಕೊಳವೆ ಸಿಕ್ಕಿಸುವ ಅಭ್ಯಾಸ ಒಳ್ಳೆಯದಲ್ಲ. ಕಾದ ಕೊಳವೆ ಮೆತ್ತಗಾಗಿ ಮಡಿಚಿಕೊಂಡರೆ ದಾರಿ ಮುಚ್ಚುತ್ತದೆ, ಕಿತ್ತುಕೊಂಡರೆ ಹಾವಿನಂತೆ ಹೊರಳಾಡಿ ಸುತ್ತಲಿನವರ ಮೇಲೆ ಉಗಿ ಕಾರುತ್ತದೆ. ಇದಲ್ಲದೆ ಸೈಕಲ್ ಡೈನಮೋ ತನ್ನ ದೀಪವನ್ನು ಪೂರ್ತಿ ಬೆಳಗಿಸುವಾಗ ಕೊಡುವ ವಿದ್ಯುತ್ತು ಸುಮಾರು 3 ವ್ಯಾಟ್. ಮೇಲೆ ಹೇಳಿದ ಒಂದು ಕಿಲೋವ್ಯಾಟ್ ಶಾಖದಿಂದ 3 ಮಿ.ಮೀ. ತೂತಿನ ಮೂಲಕ ಹೊರಬರುವ ಧಾರೆಯಲ್ಲಿರುವ ಒಟ್ಟು ಚಲನ ಶಕ್ತಿಯೇ ಸೆಕೆಂಡಿಗೆ ಎರಡೂವರೆ ಜೌಲ್, ಎಂದರೆ ಎರಡೂವರೆ ವ್ಯಾಟ್. ಚಕ್ರ ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಹಿಡಿಯಬಲ್ಲದು. ದೀಪ ಪೂರ್ಣವಾಗಿ ಉರಿಯುವುದಿಲ್ಲ, ಬಹುಪಾಲು ಸಂದರ್ಭಗಳಲ್ಲಿ ಮಿಣುಕುವುದೂ ಇಲ್ಲ.

ಬದಲಾಗಿ ಸೂಚಿಸಬಯಸುವ ಉಪಕರಣ ತಮ್ಮ ಪ್ರಯೋಗಾಲಯದ ಬೀರುವಿನಲ್ಲಿಯೇ ಇರಬಹುದು. ಶಾಖ ತಾಳುವ ಬೋರೋಸಿಲಿಕೇಟ್ ಗಾಜಿನ, ಬಿರುಕಿಲ್ಲದ, 500 ಮಿ.ಲೀ.ನ ಒಂದು ಫ್ಲಾಸ್ಕ್. ಅದರ ಬಾಯಿಗೆ ಕೈಯಿಂದ ಒತ್ತಿ ಕೂರಿಸಬಹುದಾದ, ಎರಡು ರಂಧ್ರಗಳ ರಬ್ಬರ್ ಬಿರಡೆ. ಒಂದು ರಂಧ್ರದಲ್ಲಿ, ಫ್ಲಾಸ್ಕಿನ ಕುತ್ತಿಗೆಯ ಮಟ್ಟದಲ್ಲಿಯೇ ನಿಲ್ಲುವ ಬಾಗಿದ ಗಾಜಿನ ನಳಿಕೆ. ಅದರ ಹೊರತುದಿಗೆ 2 ಮಿ.ಮೀ. ಬಾಯುಳ್ಳ ಮೂತಿ, ಉಗಿಯನ್ನು ಧಾರೆಯಾಗಿಸುವ ಭಾಗ ಇದು. ಇನ್ನೊಂದು ರಂಧ್ರದಲ್ಲಿ, ಎರಡೂ ತುದಿ ತೆರೆದಿರುವ, ಅಗಲವಾದ ಗಾಜಿನ ನಳಿಕೆ. ಅದರ ಕೆಳತುದಿ ನೀರಿನೊಳಗೆ ಮುಳುಗಿ ಫ್ಲಾಸ್ಕಿನ ತಳದಿಂದ ಒಂದೆರಡು ಸೆಂ.ಮೀ. ಮೇಲೆ ನಿಂತಿರಬೇಕು, ಮೇಲ್ತುದಿ ಬಿರಡೆಯ ಮೇಲೆ ಅರ್ಧ ಮೀಟರಿನಷ್ಟು ಎತ್ತರಕ್ಕೆ ಹೋಗಿ, ಅಲ್ಲಿಂದ ಬಾಗಿ, ಬದಿಯಲ್ಲಿಟ್ಟ ಪಾತ್ರೆಯೊಂದರ ಕಡೆಗೆ ಮುಖ ಮಾಡಿರಬೇಕು. ಉಗಿ ಬಟ್ಟಿ ಇಳಿಸುವ ರಸಾಯನ ಪ್ರಯೋಗಾಲಯಗಳಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ ರಕ್ಷಣಾ ನಳಿಕೆ ಇದೇ.

ಈ ನಳಿಕೆ ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಒಳಗೆ ಒತ್ತಡ ಏರಿದಂತೆ ಕುದಿನೀರು ಅದರಲ್ಲಿ ಮೇಲೇರುತ್ತದೆ, ಆದ್ದರಿಂದ ಬದಿಗೆ ಕಟ್ಟಿದ ಅಳತೆಪಟ್ಟಿ ಒತ್ತಡಮಾಪಕವಾಗುತ್ತದೆ; ಉರಿ ಹೆಚ್ಚಾಗಿಯೋ ಮೂತಿ ಕಟ್ಟಿಕೊಂಡೋ ಒತ್ತಡ ಅರ್ಧ ಮೀಟರ್ ನೀರಿನ ಸ್ತಂಭವನ್ನು ಮೀರಿದರೆ ನೀರು ಮೇಲಿನಿಂದ ಉಕ್ಕಿ ಪಾತ್ರೆಗೆ ಬಿದ್ದು ಎಚ್ಚರಿಸುತ್ತದೆ; ನೀರು ಬತ್ತಿ ಅದರ ಮಟ್ಟ ನಳಿಕೆಯ ಕೆಳತುದಿಗೆ ಇಳಿದೊಡನೆ ಉಗಿ ಆ ದಾರಿಯಿಂದಲೇ ನುಗ್ಗಿ, ಒತ್ತಡ ಬಿದ್ದು, ಚಕ್ರ ನಿಂತುಬಿಡುತ್ತದೆ, ಅದು ಉರಿ ಆರಿಸುವ ಸೂಚನೆ. ಪಾತ್ರೆ ಯಾವ ಕ್ಷಣದಲ್ಲಿಯೂ ಮುಚ್ಚಿದ ಪಾತ್ರೆಯಾಗುವುದೇ ಇಲ್ಲ. ಬಿರಡೆಯನ್ನು ತಂತಿಯಿಂದ ಬಿಗಿಯುವ ಉತ್ಸಾಹ ಕೆಲವರಿಗೆ ಬರಬಹುದು. ಬಿಗಿಯದಂತೆ ತಡೆಯಬೇಕು, ಸಡಿಲವಾಗಿ ಕೂತ ಬಿರಡೆ ಎರಡನೆಯ ಕಾವಲು.

ಈ ಜೋಡಣೆಯಿಂದ ದೊರೆಯುವ ಅಂಕಿಗಳು ಹತ್ತನೇ ತರಗತಿಯ ಗಣಿತದೊಳಗೇ ಇವೆ. ನಳಿಕೆಯಲ್ಲಿ ನೀರು 20 ಸೆಂ.ಮೀ. ಏರಿ ನಿಂತಿದೆಯೆನ್ನೋಣ. ಆ ಒತ್ತಡ ಸುಮಾರು 2,000 ಪ್ಯಾಸ್ಕಲ್, ವಾತಾವರಣದ ಒತ್ತಡದ ಶೇಕಡಾ ಎರಡು ಮಾತ್ರ. ಉಗಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 0.6 ಕಿಲೋಗ್ರಾಂ. ಒತ್ತಡದ ಎರಡರಷ್ಟನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗ ಸೆಕೆಂಡಿಗೆ ಸುಮಾರು 80 ಮೀಟರ್, ಗಂಟೆಗೆ 290 ಕಿ.ಮೀ. ಆಸುಪಾಸು. ಗೇಣುದ್ದದ ನೀರಿನ ಸ್ತಂಭಕ್ಕೆ ಇಷ್ಟು ವೇಗ ಸಿಗುತ್ತದೆಂದರೆ ಸೂಜಿತೂತಿನ ಹುಡುಕಾಟಕ್ಕೆ ಅರ್ಥವೇ ಉಳಿಯುವುದಿಲ್ಲ. ಈ ಸ್ಥಿತಿಯಲ್ಲಿ 2 ಮಿ.ಮೀ. ಮೂತಿಯಿಂದ ನಿಮಿಷಕ್ಕೆ ಹೆಚ್ಚೆಂದರೆ 9 ಗ್ರಾಂ ಉಗಿ ಹೋಗುತ್ತದೆ. ಮುಂಚೆ ಮತ್ತು ಆಮೇಲೆ ಫ್ಲಾಸ್ಕನ್ನು ತೂಗಿ ಇದನ್ನು ಪರಿಶೀಲಿಸಬಹುದು. ಅದಕ್ಕೆ ನೀರು ಪಡೆಯಬೇಕಾದ ಶಾಖ ಸುಮಾರು 340 ವ್ಯಾಟ್, ಒಂದು ಸ್ಪಿರಿಟ್ ದೀಪಕ್ಕೆ ಮೀರಿದ್ದು, ತಗ್ಗಿಸಿದ ಗ್ಯಾಸ್ ಬರ್ನರಿಗೆ ಸುಲಭ. ಸ್ಪಿರಿಟ್ ದೀಪ ಒಂದೇ ಇದ್ದರೆ ಸ್ತಂಭ ಕೆಲವೇ ಸೆಂ.ಮೀ. ಏರುತ್ತದೆ, ಚಕ್ರ ಹಗುರವಾಗಿದ್ದರೆ ಆಗಲೂ ತಿರುಗುತ್ತದೆ.

ಇನ್ನು ಆ ಧಾರೆಯ ಬಲ. ಸೆಕೆಂಡಿಗೆ ಹೋಗುವ ರಾಶಿಯನ್ನು ವೇಗದಿಂದ ಗುಣಿಸಿದರೆ ಸಿಗುವುದು 0.012 ನ್ಯೂಟನ್, ಸುಮಾರು ಒಂದೂಕಾಲು ಗ್ರಾಂ ತೂಕ, ಒಂದು ರೂಪಾಯಿ ನಾಣ್ಯದ ತೂಕದ ಅರ್ಧಕ್ಕಿಂತಲೂ ಕಡಿಮೆ. ಚಕ್ರದ ವಿನ್ಯಾಸವೆಲ್ಲ ಈ ಒಂದೂಕಾಲು ಗ್ರಾಮಿನಿಂದಲೇ ಹುಟ್ಟಬೇಕು. ಬಲ ಇಷ್ಟು ಕಡಿಮೆಯಿರುವಾಗ ದಪ್ಪ ತಗಡು, ತುಕ್ಕು ಹಿಡಿದ ಅಚ್ಚು, ಬಿಗಿಯಾದ ರಂಧ್ರ ಇವುಗಳಲ್ಲಿ ಯಾವುದೊಂದಿದ್ದರೂ ಚಕ್ರ ಕದಲುವುದಿಲ್ಲ. ಕದಲದ ಚಕ್ರವನ್ನು ಕದಲಿಸಲು ವಿದ್ಯಾರ್ಥಿ ಒತ್ತಡ ಏರಿಸುತ್ತಾನೆ. ಸೂಜಿತೂತಿನ ಅಪಾಯದ ಮೂಲ ಬಹಳ ಸಲ ಕೆಟ್ಟ ಬೇರಿಂಗ್‌ನಲ್ಲಿರುತ್ತದೆ.

ಆದ್ದರಿಂದ ಚಕ್ರವನ್ನು ತೆಳುವಾದ ಅಲ್ಯೂಮಿನಿಯಂ ಹಾಳೆಯಲ್ಲಿ, ಸುಮಾರು 8 ಸೆಂ.ಮೀ. ವ್ಯಾಸಕ್ಕೆ ಕತ್ತರಿಸುವುದು ಲೇಸು. ಅಂಚಿನಿಂದ ಒಳಕ್ಕೆ ಎರಡು ಸೆಂ.ಮೀ. ಸೀಳಿ, ಹನ್ನೆರಡರಿಂದ ಹದಿನಾರು ಅಲಗುಗಳನ್ನು ಒಂದೇ ಕೋನಕ್ಕೆ ತಿರುಚಿ, ಅಂಚುಗಳನ್ನು ಅರದಿಂದ ಉಜ್ಜಿ ಮೊಂಡು ಮಾಡಬೇಕು. ಅಚ್ಚಿಗೆ ಸೈಕಲ್ ಕಡ್ಡಿಯ ತುಂಡು ಸಾಕು. ಅದರ ಎರಡೂ ತುದಿಗಳನ್ನು ಚೂಪುಮಾಡಿ, ತಗಡಿನ ಚೌಕಟ್ಟಿನಲ್ಲಿ ಮೊಳೆಯಿಂದ ಒತ್ತಿದ ಕುಳಿಗಳ ನಡುವೆ ಕೂರಿಸಿದರೆ ಘರ್ಷಣೆ ಅತಿ ಕಡಿಮೆಯಾಗುತ್ತದೆ. ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಟ್ಟಾಗ ಪ್ರತಿ ಸಲವೂ ಒಂದೇ ಅಲಗು ಕೆಳಗೆ ಬಂದು ನಿಂತರೆ ಆ ಬದಿ ಭಾರವೆಂದು ಅರ್ಥ; ಅದನ್ನು ತುಸು ಉಜ್ಜಿ ಹಗುರ ಮಾಡಬೇಕು. ಸಮತೋಲನದ ಈ ಕಿರುಕುಳವೇ ಸ್ವೀಡನ್ನಿನ ಗುಸ್ತಾವ್ ದ ಲಾವಾಲ್ ಎಂಬ ಎಂಜಿನಿಯರನ್ನು 1880ರ ದಶಕದಲ್ಲಿ ಕಾಡಿತ್ತು. ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರವನ್ನು ನಡೆಸಲು ಟರ್ಬೈನ್ ಮಾಡಹೊರಟ ಆತನ ಚಕ್ರಗಳು ನಿಮಿಷಕ್ಕೆ 30,000 ಸುತ್ತುಗಳಷ್ಟು ತಿರುಗುತ್ತಿದ್ದವು. ಅಂಥ ವೇಗದಲ್ಲಿ ಕೂದಲೆಳೆಯಷ್ಟು ಅಸಮತೋಲನವೂ ದಪ್ಪ ಅಚ್ಚನ್ನು ನಡುಗಿಸಿಬಿಡುತ್ತಿದ್ದುದರಿಂದ, ಆತ ಬೇಕೆಂದೇ ತೆಳುವಾದ, ಬಾಗಬಲ್ಲ ಅಚ್ಚನ್ನು ಬಳಸಿ, ವೇಗ ಏರಿದಾಗ ಚಕ್ರ ತನ್ನ ನಿಜವಾದ ತೂಕದ ಕೇಂದ್ರದ ಸುತ್ತ ತಾನೇ ಹೊಂದಿಕೊಳ್ಳುವಂತೆ ಮಾಡಿದ. ಮೊದಲು ಕಿರಿದಾಗಿ ಆಮೇಲೆ ಅಗಲವಾಗುವ ಮೂತಿಯೂ ಆತನ ಕೊಡುಗೆಯೇ. ಧಾರೆಯನ್ನು ಶಬ್ದದ ವೇಗಕ್ಕಿಂತ ಮುಂದೆ ಒಯ್ಯಲು ಅದು ಬೇಕು, ಶಾಲೆಯ ಫ್ಲಾಸ್ಕಿಗೆ ಸಾದಾ ಮೂತಿಯೇ ಸಾಕು.

ಉಗಿಯಿಲ್ಲದೆಯೇ ಚಕ್ರವನ್ನು ಪರೀಕ್ಷಿಸುವ ಉಪಾಯವೂ ಇದೆ, ಇದು ತಮ್ಮ ತರಗತಿಗೆ ವಿಶೇಷವಾಗಿ ಒದಗುತ್ತದೆ. ಧಾರೆಯೊಂದರ ಬಲ ಮೂತಿಯ ವಿಸ್ತೀರ್ಣ ಮತ್ತು ಒತ್ತಡಗಳ ಗುಣಲಬ್ಧದ ಎರಡರಷ್ಟು; ಈ ಸೂತ್ರದಲ್ಲಿ ಸಾಂದ್ರತೆ ಬರುವುದೇ ಇಲ್ಲ. ತಣ್ಣನೆಯ ಗಾಳಿ ಉಗಿಯ ಎರಡರಷ್ಟು ಸಾಂದ್ರವಾಗಿರುವುದರಿಂದ ಅದೇ ಒತ್ತಡದಲ್ಲಿ ನಿಧಾನವಾಗಿ, ಸೆಕೆಂಡಿಗೆ 57 ಮೀಟರಿನಂತೆ, ಹೊರಬರುತ್ತದೆ, ಆದರೆ ನಿಂತ ಅಲಗನ್ನು ಉಗಿಯಷ್ಟೇ ತಳ್ಳುತ್ತದೆ. ಮಕ್ಕಳು ಊದುವ ಸಾಮಾನ್ಯ ಬಲೂನಿನ ಒಳಗಿನ ಒತ್ತಡವೂ ಸರಿಸುಮಾರು ಇದೇ ಮಟ್ಟದ್ದು. ಬಲೂನಿನ ಬಾಯಿಗೆ ಅದೇ 2 ಮಿ.ಮೀ. ಮೂತಿಯನ್ನು ಕಟ್ಟಿ, ಗಾಳಿಯನ್ನು ಅಲಗುಗಳ ಮೇಲೆ ಹಾಯಿಸಿದಾಗ ತಿರುಗದ ಚಕ್ರ ಉಗಿಗೂ ಸುಗಮವಾಗಿ ತಿರುಗುವುದಿಲ್ಲ. ಅಲಗಿನ ಕೋನ ಎಷ್ಟಿರಬೇಕು, ಮೂತಿ ಎಷ್ಟು ಸಮೀಪವಿರಬೇಕು, ಚಪ್ಪಟೆ ಅಲಗಿಗಿಂತ ಬಟ್ಟಲಿನಂತೆ ಬಾಗಿದ ಅಲಗು ಎಷ್ಟು ಉತ್ತಮ, ಇವೆಲ್ಲವನ್ನೂ ಬೆಂಕಿಕಡ್ಡಿ ಗೀರದೆಯೇ ಒಂದು ತಿಂಗಳು ಬಲೂನಿನಿಂದ ಕಲಿಯಬಹುದು. ಧಾರೆಯು ಮೂತಿಯ ವ್ಯಾಸದ ಐದಾರು ಪಟ್ಟು ದೂರದವರೆಗೆ ಮಾತ್ರ ತನ್ನ ವೇಗವನ್ನು ಕುಂದದಂತೆ ಉಳಿಸಿಕೊಳ್ಳುವುದರಿಂದ ಮೂತಿ ಮತ್ತು ಅಲಗಿನ ನಡುವೆ ಒಂದು ಸೆಂ.ಮೀ.ಗಿಂತ ಹೆಚ್ಚು ಅಂತರ ಬೇಡ. ಹೀರೋನ ಪ್ರತಿಕ್ರಿಯಾ ಯಂತ್ರವನ್ನೇ ಮಾಡಬಯಸುವ ವಿದ್ಯಾರ್ಥಿಗಳಿಗೂ ಇದೇ ಸಲಹೆ. ತಿರುಗುವ ಪಾತ್ರೆಗೆ ರಕ್ಷಣಾ ನಳಿಕೆ ಜೋಡಿಸುವುದು ಕಷ್ಟವಾದ್ದರಿಂದ, ಬದಿಯಲ್ಲಿ ಓರೆ ತೂತುಗಳಿರುವ ಡಬ್ಬವನ್ನು ದಾರದಿಂದ ತೂಗುಹಾಕಿ ತಣ್ಣೀರು ತುಂಬಿದರೆ ಅದು ಅದೇ ತತ್ತ್ವದಿಂದ ತಿರುಗಿ ತೋರಿಸುತ್ತದೆ.

ಧಾರೆಯಲ್ಲಿರುವ ಶಕ್ತಿಯನ್ನು ಲೆಕ್ಕ ಹಾಕಿದಾಗ ವಿದ್ಯಾರ್ಥಿಗೆ ನಿರಾಶೆಯಾಗಬಹುದು, ಆ ನಿರಾಶೆಯೇ ಪಾಠದ ತಿರುಳು. ನೀರಿಗೆ ಸೇರಿದ 340 ವ್ಯಾಟ್‌ನಲ್ಲಿ ಧಾರೆಯ ಚಲನ ಶಕ್ತಿಯಾಗಿ ಹೊರಬಿದ್ದದ್ದು ಅರ್ಧ ವ್ಯಾಟ್, ಸುಮಾರು ಏಳುನೂರರಲ್ಲಿ ಒಂದು ಭಾಗ. ಮಿಕ್ಕದ್ದೆಲ್ಲ ಗುಪ್ತೋಷ್ಣವಾಗಿ ಉಗಿಯೊಡನೆ ಕೋಣೆಯ ಗಾಳಿಗೆ ಸೇರಿಹೋಯಿತು. ಅದೇ ಸಮಯದಲ್ಲಿ ರಾಯಚೂರಿನ ಶಕ್ತಿನಗರದಲ್ಲಿ, 1985ರಲ್ಲಿ ಮೊದಲ ಘಟಕ ಆರಂಭಿಸಿ 1,720 ಮೆಗಾವ್ಯಾಟ್ ಸಾಮರ್ಥ್ಯದವರೆಗೆ ಬೆಳೆದ ಸ್ಥಾವರದ ಬೃಹತ್ ಟರ್ಬೈನುಗಳು ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರರಲ್ಲೊಂದು ಭಾಗವನ್ನು ವಿದ್ಯುತ್ತಾಗಿಸುತ್ತವೆ. ಏಳುನೂರರಲ್ಲೊಂದಕ್ಕೂ ಮೂರರಲ್ಲೊಂದಕ್ಕೂ ನಡುವಿನ ಅಂತರವನ್ನು ತುಂಬಿದ್ದು ಯಾವುದು ಎಂದು ಕೇಳಿದ ವಿದ್ಯಾರ್ಥಿ ಉಷ್ಣಗತಿವಿಜ್ಞಾನದ ಹೊಸ್ತಿಲಲ್ಲಿ ನಿಂತಿದ್ದಾನೆ. ಅಲ್ಲಿ ಉಗಿಯ ಒತ್ತಡ ನೂರು ಪಟ್ಟಿಗೂ ಹೆಚ್ಚು, ತಾಪ 500 ಡಿಗ್ರಿಯನ್ನು ಮೀರಿದ್ದು. ಕೆಲಸ ಮುಗಿಸಿದ ಉಗಿಯನ್ನು ಗಾಳಿಗೆ ಬಿಡದೆ, ಸಾಂದ್ರಕವೆಂಬ ತಂಪು ಕೋಶದಲ್ಲಿ ಮರಳಿ ನೀರಾಗಿಸಿ, ಅಲ್ಲಿ ಉಂಟಾಗುವ ನಿರ್ವಾತದಿಂದ ಉಗಿಯನ್ನು ಇನ್ನಷ್ಟು ಹಿಗ್ಗಿಸಿ, ಇನ್ನಷ್ಟು ಕೆಲಸ ತೆಗೆಯಲಾಗುತ್ತದೆ.

ಇಷ್ಟು ಒತ್ತಡವನ್ನು ಒಂದೇ ಚಕ್ರದ ಮೇಲೆ ಬಿಟ್ಟರೆ ಅಲಗುಗಳು ತಾಳಲಾರದ ವೇಗ ಬೇಕಾಗುತ್ತದೆ, ಏಕೆಂದರೆ ಆವೇಗ ಚಕ್ರದ ಅಲಗು ಧಾರೆಯ ಅರ್ಧ ವೇಗದಲ್ಲಿ ಓಡುವಾಗ ಅತಿ ಹೆಚ್ಚು ಶಕ್ತಿಯನ್ನು ಹೀರುತ್ತದೆ. ಶಾಲೆಯ 8 ಸೆಂ.ಮೀ. ಚಕ್ರಕ್ಕೂ ಈ ಲೆಕ್ಕದ ಪ್ರಕಾರ ನಿಮಿಷಕ್ಕೆ 9,500 ಸುತ್ತು ಬೇಕು, ಅದು ಅಲ್ಲಿಗೆ ಮುಟ್ಟುವುದಿಲ್ಲ, ಮುಟ್ಟದಿರುವುದೇ ಒಳ್ಳೆಯದು. ಈ ಗಂಟನ್ನು ಬಿಡಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್. ಒತ್ತಡವನ್ನು ಒಮ್ಮೆಗೇ ಇಳಿಸದೆ, ಸಾಲಾಗಿ ನಿಂತ ಹಲವು ಅಲಗುಸಾಲುಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರೆ ಪ್ರತಿ ಮೆಟ್ಟಿಲಿನಲ್ಲೂ ವೇಗ ಹಿಡಿತದಲ್ಲಿರುತ್ತದೆ ಎಂಬುದು ಆತನ ವಿಚಾರ. 1884ರ ಆತನ ಮೊದಲ ಟರ್ಬೈನ್ ನಿಮಿಷಕ್ಕೆ 18,000 ಸುತ್ತು ತಿರುಗಿ ಸುಮಾರು 7.5 ಕಿಲೋವ್ಯಾಟ್ ವಿದ್ಯುತ್ ಕೊಟ್ಟಿತು. 1897ರ ಜೂನ್‌ನಲ್ಲಿ ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವಕ್ಕಾಗಿ ಸ್ಪಿಟ್‌ಹೆಡ್ಡಿನಲ್ಲಿ ಸಾಲುಗಟ್ಟಿದ್ದ ಯುದ್ಧನೌಕೆಗಳ ನಡುವೆ ಆತನ ‘ಟರ್ಬಿನಿಯಾ’ ಎಂಬ ಪುಟ್ಟ ಹಡಗು ಯಾರಿಗೂ ಹಿಡಿಯಲಾಗದ ವೇಗದಲ್ಲಿ ನುಸುಳಿ ಓಡಿ ಟರ್ಬೈನಿನ ವಾದವನ್ನು ನೌಕಾಪಡೆಯ ಎದುರೇ ಗೆದ್ದಿತು. ಇಂದು ನಮ್ಮ 50 ಹರ್ಟ್ಜ್ ವಿದ್ಯುತ್ತಿಗೆ ಹೊಂದಿಕೊಂಡು ಶಾಖ ಸ್ಥಾವರಗಳ ಟರ್ಬೈನುಗಳು ನಿಮಿಷಕ್ಕೆ 3,000 ಸುತ್ತಿನಲ್ಲಿ, ಸೆಕೆಂಡಿಗೆ 50 ಸುತ್ತಿನಲ್ಲಿ, ತಿರುಗುತ್ತಿರಲು ಆ ಮೆಟ್ಟಿಲುಗಳೇ ಕಾರಣ.

ಮಂಡ್ಯ, ಬೆಳಗಾವಿಯಂಥ ಕಬ್ಬಿನ ಜಿಲ್ಲೆಗಳ ಶಿಕ್ಷಕರಿಗೆ ಆ ವ್ಯರ್ಥ ಶಾಖದ ಪ್ರಶ್ನೆಗೆ ಇನ್ನೊಂದು ಉತ್ತರ ಕೈಯಳತೆಯಲ್ಲಿಯೇ ಇದೆ. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಉರಿಸಿ ಉಗಿ ಮಾಡಿ, ಟರ್ಬೈನಿನಿಂದ ವಿದ್ಯುತ್ ತೆಗೆದ ಮೇಲೆ, ಹೊರಬಂದ ಉಗಿಯಲ್ಲಿ ಇನ್ನೂ ಉಳಿದಿರುವ ಗುಪ್ತೋಷ್ಣದಿಂದ ಕಬ್ಬಿನ ಹಾಲನ್ನು ಕುದಿಸಿ ಗಟ್ಟಿ ಮಾಡುತ್ತವೆ. ಶಾಲೆಯ ಮಾದರಿಯಲ್ಲಿ ವ್ಯರ್ಥವಾದ ಶಾಖವೇ ಅಲ್ಲಿ ಮುಖ್ಯ ಸರಕು. ಇಂಥ ಕಾರ್ಖಾನೆಗೆ ಮಕ್ಕಳನ್ನು ಕರೆದೊಯ್ಯುವವರು ಫ್ಲಾಸ್ಕಿನ ಲೆಕ್ಕ ಮಾಡಿಸಿದ ಮೇಲೆ ಕರೆದೊಯ್ದರೆ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆಯಾಗಿರುತ್ತವೆ.

ಪ್ರದರ್ಶನಗಳಲ್ಲಿ ತೀರ್ಪುಗಾರರಾಗಿ ಕುಳಿತವರು ಕಂಡಿರುವ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಟರ್ಬೈನಿಗೆ ಆಟಿಕೆಯ ಮೋಟಾರನ್ನು ಜೋಡಿಸಿ, ಅದರಿಂದ ಎಲ್‌ಇಡಿ ಬೆಳಗುತ್ತಿದೆಯೆಂದು ತೋರಿಸುವ ಮಾದರಿಗಳ ಕೆಲವು ಪೀಠಗಳ ಕೆಳಗೆ ಒಂದು ಬ್ಯಾಟರಿ ಸೆಲ್ ಅಡಗಿರುತ್ತದೆ. ಮೋಟಾರಿನೊಳಗಿನ ಕಾಂತದ ಹಿಡಿತವನ್ನು ಬಿಡಿಸಿ ತಿರುಗಿಸಲು ಒಂದೂಕಾಲು ಗ್ರಾಂ ಬಲ ಬಹಳ ಸಲ ಸಾಲುವುದಿಲ್ಲ. ದೀಪ ಉರಿದರಷ್ಟೇ ಬಹುಮಾನ ಎಂಬ ನಿರೀಕ್ಷೆಯನ್ನು ಹಿರಿಯರು ಮೊದಲೇ ಬಿತ್ತಿರುತ್ತಾರೆ. ಉಳಿದದ್ದನ್ನು ಹದಿನೈದು ವರ್ಷದ ಮಗು ತನಗೆ ತಿಳಿದಂತೆ ಹೊಂದಿಸಿಕೊಳ್ಳುತ್ತದೆ. ಆ ಮಗುವನ್ನು ದೂರುವುದಕ್ಕೆ ಮುಂಚೆ ಅಂಕಪಟ್ಟಿಯ ಕಲಮುಗಳನ್ನು ಬದಲಿಸುವುದು ನ್ಯಾಯ.

ಆದ್ದರಿಂದ ಮಾನ್ಯ ಶಿಕ್ಷಕರಲ್ಲಿ ವಿನಂತಿ ಇದು. ತಮ್ಮ ಶಾಲೆಯಿಂದ ಹೊರಡುವ ಯಾವುದೇ ಉಗಿ ಮಾದರಿಯಲ್ಲಿ ಪಾನೀಯದ ಡಬ್ಬ, ಬಣ್ಣದ ಡಬ್ಬ, ಕುಕ್ಕರ್, ತಿರುಪು ಮುಚ್ಚಳದ ಬಾಟಲಿ ಇವುಗಳನ್ನು ಬಾಯ್ಲರಾಗಿ ಬಳಸಲು ದಯವಿಟ್ಟು ಬಿಡಬೇಡಿ. ರಕ್ಷಣಾ ನಳಿಕೆಯಿಲ್ಲದ ಪಾತ್ರೆಗೆ ಉರಿ ಹಚ್ಚುವುದಿಲ್ಲವೆಂಬ ನಿಯಮವನ್ನು ಪ್ರಯೋಗಾಲಯದ ಗೋಡೆಯ ಮೇಲೆ ಬರೆಸಿ. ಉರಿಯನ್ನು ತಾವೇ ಹಚ್ಚಿ, ತಾವೇ ಆರಿಸಿ. ವಿದ್ಯಾರ್ಥಿಗಳ ಕಣ್ಣಿಗೆ ಕನ್ನಡಕವಿರಲಿ, ನೋಡುಗರು ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಲಿ, ಚಕ್ರದ ಸುತ್ತ ಪಾರದರ್ಶಕ ಹಾಳೆಯ ಮರೆಯಿರಲಿ. ನೀರು ಕುಪ್ಪಳಿಸಿ ಕುದಿಯದಂತೆ ಫ್ಲಾಸ್ಕಿಗೆ ಹಂಚಿನ ಒಂದೆರಡು ಚೂರು ಹಾಕಿಸಿ. ಮೂತಿಯ ಬಾಯಿಯಿಂದ ತುಸು ದೂರದಲ್ಲಿ ಕಾಣುವ ಬಿಳಿ ಮೋಡ ಆಗಲೇ ತಣಿದ ನೀರಿನ ಹನಿಗಳೆಂದೂ, ಬಾಯಿಗೂ ಮೋಡಕ್ಕೂ ನಡುವೆ ಏನೂ ಇಲ್ಲದಂತೆ ತೋರುವ ಜಾಗದಲ್ಲಿಯೇ ನಿಜವಾದ ಉಗಿ ಇದೆಯೆಂದೂ, ಅದು ಚರ್ಮದ ಮೇಲೆ ನೀರಾಗುವಾಗ ಗ್ರಾಮಿಗೆ 540 ಕ್ಯಾಲೊರಿ ಶಾಖ ಸುರಿಯುವುದರಿಂದ ಕುದಿನೀರಿಗಿಂತ ಹೆಚ್ಚು ಸುಡುತ್ತದೆಂದೂ ಮೊದಲ ದಿನವೇ ತೋರಿಸಿ ತಿಳಿಸಿ.

ತಮ್ಮಲ್ಲಿ ಹಲವರು ತಾಲ್ಲೂಕು ಮಟ್ಟದಲ್ಲಿ ತೀರ್ಪುಗಾರರೂ ಆಗಿರುತ್ತೀರಿ. ಅಲ್ಲಿ ದೀಪ ಉರಿಯಿತೇ ಎಂದು ಕೇಳುವ ಬದಲು ವಿದ್ಯಾರ್ಥಿಯ ಪುಸ್ತಕವನ್ನು ಕೇಳಿ ನೋಡಿ: ಸ್ತಂಭದ ಎತ್ತರ, ನಿಮಿಷಕ್ಕೆ ಇಳಿದ ತೂಕ, ಒಂದು ಅಲಗಿಗೆ ಬಣ್ಣ ಹಚ್ಚಿ ಮೊಬೈಲಿನ ನಿಧಾನಗತಿಯ ಚಿತ್ರೀಕರಣದಿಂದ ಎಣಿಸಿದ ಸುತ್ತುಗಳು, ಸ್ತಂಭವನ್ನು ಕಾಲು ಭಾಗಕ್ಕೆ ಇಳಿಸಿದಾಗ ವೇಗ ಅರ್ಧವಾಯಿತೇ ಎಂಬ ಪರಿಶೀಲನೆ. ಇವುಗಳಲ್ಲಿ ಎರಡಾದರೂ ಇರುವ ಮಾದರಿಗೆ, ಅದರ ಚಕ್ರ ಕುಂಟುತ್ತಾ ತಿರುಗಿದರೂ, ಮೊದಲ ಸ್ಥಾನಕ್ಕೆ ಹಕ್ಕಿದೆ. ಫಲಕದ ಮೇಲೆ ‘ಶಾಖೋತ್ಪನ್ನ ವಿದ್ಯುತ್ ಸ್ಥಾವರ’ ಎಂದು ಬರೆಸದೆ ‘340 ವ್ಯಾಟ್ ಶಾಖ, ಅರ್ಧ ವ್ಯಾಟ್ ಧಾರೆ’ ಎಂದು ಬರೆಸಿದರೆ ಮೇಜಿನ ಮುಂದೆ ನಿಂತವರು ಮಿಕ್ಕದ್ದು ಎಲ್ಲಿ ಹೋಯಿತೆಂದು ತಾವಾಗಿಯೇ ಕೇಳುತ್ತಾರೆ, ಉತ್ತರಿಸಲು ವಿದ್ಯಾರ್ಥಿಗೆ ಅವಕಾಶ ಸಿಗುತ್ತದೆ. ಮುಂದಿನ ಪ್ರದರ್ಶನದ ಸುತ್ತೋಲೆ ಶಾಲೆಗೆ ಬರುವ ಮುಂಚೆಯೇ ಬಲೂನು, ತಗಡಿನ ಚಕ್ರಗಳಿಂದ ಕೆಲಸ ಆರಂಭಿಸಬೇಕೆಂದು ಕೋರಿಕೆ.

ಇತಿ ತಮ್ಮ ವಿಶ್ವಾಸಿ,
ಶಾಲಾ ವಿಜ್ಞಾನ ಪ್ರದರ್ಶನಗಳ ಒಬ್ಬ ಹಿರಿಯ ತೀರ್ಪುಗಾರ